ಹತ್ತೊಂಬತ್ತು ಲಾಗೌಟ್

ಒಳಗೆ ಬರುವವರಿಗೆ ಆರತಿ ಎತ್ತುವ ಜನ ಹೊರಗೆ ಹೋಗುವವರ ಕಡೆ ಕತ್ತೆತ್ತಿಯೂ ನೋಡುವುದಿಲ್ಲ. ಕಡಲಗುಂಡಿ ಬಂದರಿನಲ್ಲಿ ಹೊಸ ವ್ಯವಸ್ಥೆಯ ಉದ್ಘಾಟನೆಯಾದ ದಿನವೂ ಹಾಗೇ ಆಯಿತು. ಮಂತ್ರಿಗಳು ಬಂದು ಲಾಗಿನ್ ಗುಂಡಿ ಒತ್ತಿದರು, ಚಪ್ಪಾಳೆ ಬಿತ್ತು, ಲಾಗಿನ್ ಬರೆದ ಮೂವರು ಇಂಜಿನಿಯರುಗಳಿಗೆ ಶಾಲು ಹೊದಿಸಿ ಹಣ್ಣಿನ ಬುಟ್ಟಿ ಕೊಟ್ಟರು. ಲಾಗೌಟ್ ಬರೆದ ಸುಜಯಾ ಸಾಲ್ಯಾನ್ ಕೊನೆಯ ಸಾಲಿನಲ್ಲಿ ಕುಳಿತು ಗೋಡಂಬಿ ಬರ್ಫಿ ತಿನ್ನುತ್ತಿದ್ದಳು. ಅವಳಿಗೆ ಬೇಸರವೇನೂ ಆಗಲಿಲ್ಲ. ಒಳಗೆ ಬಿಟ್ಟುಕೊಳ್ಳುವುದು ಯಾವ ದೊಡ್ಡ ವಿದ್ಯೆ? ಒಳಗೆ ಹೋದವನನ್ನು ಒಂದು ಎಳೆಯೂ ಅಲ್ಲಿ ಉಳಿಯದಂತೆ ಪೂರ್ತಿ ಹೊರಗೆ ತರುವುದೇ ಕಷ್ಟ. ಆ ಕಷ್ಟದ ಕೆಲಸ ತನ್ನದು ಎಂಬ ಹೆಮ್ಮೆ ಅವಳಿಗೆ ಧಾರಾಳವಾಗಿತ್ತು. ಆ ಹೆಮ್ಮೆ ಸರಿಯಾಗಿ ಎರಡು ವರ್ಷ ಬಾಳಿತು.

ವ್ಯವಸ್ಥೆ ಇಷ್ಟೇ. ದೊಡ್ಡ ಹಡಗುಗಳು ಬಂದರಿನೊಳಗೆ ತಾವಾಗಿ ತಿರುಗಲಾರವು. ಅವನ್ನು ಎಳೆದು, ನೂಕಿ ಧಕ್ಕೆಗೆ, ಅಂದರೆ ಹಡಗು ಕಟ್ಟುವ ಕಟ್ಟೆಗೆ, ತಂದು ನಿಲ್ಲಿಸುವುದಕ್ಕೆ ಟಗ್ ಎಂಬ ಗಿಡ್ಡ, ಗಟ್ಟಿ ದೋಣಿಗಳಿವೆ. ಮೊದಲು ಅವುಗಳೊಳಗೆ ಮನುಷ್ಯರು ಇರುತ್ತಿದ್ದರು. ಹಗ್ಗ ಕಡಿದು ಇಬ್ಬರು ಸತ್ತ ಮೇಲೆ ಮನುಷ್ಯರನ್ನು ದಡಕ್ಕೆ ತಂದರು. ಈಗ ಟಗ್ಗಿನವನು ಕಂಟ್ರೋಲ್ ರೂಮಿನ ಕುರ್ಚಿಯಲ್ಲಿ ಕುಳಿತು, ಕಿವಿಯ ಹಿಂದೆ ಕಾಸಿನಗಲದ ಒಂದು ಬಿಲ್ಲೆ ಅಂಟಿಸಿಕೊಂಡು, ಎದುರಿನ ಹಿಡಿಯ ಮೇಲೆ ಕೈಯಿಟ್ಟು ಲಾಗಿನ್ ಆಗುತ್ತಾನೆ. ಆ ಕ್ಷಣದಿಂದ ಟಗ್ಗೇ ಅವನ ಮೈ. ಹಗ್ಗ ಬಿಗಿದರೆ ಅವನ ಭುಜ ಬಿಗಿಯುತ್ತದೆ, ನೀರಿನ ಸೆಳೆತ ಮೊಣಕಾಲಿಗೆ ತಿಳಿಯುತ್ತದೆ. ಅವನು ಭುಜ ಕೊಟ್ಟು ನೂಕಿದರೆ ಅರ್ಧ ಮೈಲಿ ಆಚೆ ಟಗ್ಗು ನೂಕುತ್ತದೆ. ಬಂದರಿನಲ್ಲಿ ಅಂಥವು ಮೂರಿದ್ದವು. ಯಾರೋ ತಮಾಷೆಯವರು ಅವಕ್ಕೆ ಅಂಜಲ್, ಬಂಗುಡೆ, ಕಾಣೆ ಎಂದು ಮೀನಿನ ಹೆಸರುಗಳನ್ನಿಟ್ಟಿದ್ದರು.

ಯಾರು ಒಳಗಿದ್ದಾರೆ ಎಂದು ಟಗ್ಗಿಗೆ ಗೊತ್ತಾಗುವುದು ಹೇಗೆ ಎಂದು ಅಕ್ಕ ಕುಸುಮಾ ಒಮ್ಮೆ ಕೇಳಿದ್ದಳು. ಸುಜಯಾ ದೇವಸ್ಥಾನದ ಚಪ್ಪಲಿ ಕೌಂಟರಿನ ಉದಾಹರಣೆ ಕೊಟ್ಟಿದ್ದಳು. ಲಾಗಿನ್ ಆದಾಗ ಒಂದು ನಂಬರಿನ ಟೋಕನ್ ಹುಟ್ಟುತ್ತದೆ. ಒಂದು ತುಂಡು ಕುರ್ಚಿಯಲ್ಲಿ, ಅದೇ ನಂಬರಿನ ಇನ್ನೊಂದು ತುಂಡು ಟಗ್ಗಿನಲ್ಲಿ. ಎರಡೂ ಹೊಂದುವವರೆಗೆ ಆ ಮನುಷ್ಯ ಒಳಗಿದ್ದಾನೆ ಎಂದು ಲೆಕ್ಕ. ಅದಕ್ಕೇ ಸೆಷನ್ ಎನ್ನುವುದು. ಲಾಗೌಟ್ ಆದಾಗ ಎರಡನ್ನೂ ಹರಿಯಬೇಕು. ಮರೆತು ಹಾಗೇ ಎದ್ದು ಹೋದರೆ, ಇಪ್ಪತ್ತು ನಿಮಿಷ ಅಲುಗಾಟವಿಲ್ಲದಿದ್ದರೆ, ಟಗ್ಗು ತಾನಾಗಿ ಹರಿಯುತ್ತದೆ.

"ಅಷ್ಟೇಯಾ? ಟೋಕನ್ ಹರೀಲಿಕ್ಕೆ ಇಷ್ಟೆಲ್ಲ ಓದ್ಬೇಕಾ ಮಾರಾಯ್ತಿ?" ಎಂದಿದ್ದಳು ಕುಸುಮಾ.

ಕುಸುಮಾಳ ಗಂಡ ಪುರಂದರ ಕರ್ಕೇರ ಆ ಬಂದರಿನ ಟಗ್ಗಿನವರಲ್ಲಿ ಹಿರಿಯ. ಹದಿನಾರು ವರ್ಷ ಮೀನುಬೋಟಿನಲ್ಲಿ ಚುಕ್ಕಾಣಿ ಹಿಡಿದು, ಆಮೇಲೆ ಟಗ್ಗಿಗೆ ಬಂದವನು. ಹೊಸ ವ್ಯವಸ್ಥೆ ಬಂದ ಎರಡು ವರ್ಷಗಳಲ್ಲಿ ಅವನು ತಂದು ನಿಲ್ಲಿಸಿದ ಒಂದು ಹಡಗಿನ ಬಣ್ಣವೂ ಕೆರೆದಿರಲಿಲ್ಲ. ಹಡಗಿನ ಕ್ಯಾಪ್ಟನ್ನುಗಳು ರೇಡಿಯೋದಲ್ಲಿ ಅವನನ್ನೇ ಕೇಳಿ ಕರೆಸಿಕೊಳ್ಳುತ್ತಿದ್ದರು. ಯಾವ ಹೊತ್ತಿನಲ್ಲಿ ಬೇಕಾದರೂ ಕರೆ ಬರಬಹುದೆಂದು ಎಂಟು ತಿಂಗಳಿನಿಂದ ಅವನಿಗೆ ಮಾತ್ರ ಬಿಲ್ಲೆಯನ್ನು ಮನೆಯಲ್ಲೂ ತೆಗೆಯಬಾರದೆಂಬ ಆಜ್ಞೆಯಿತ್ತು. ಉಳಿದವರು ಡ್ಯೂಟಿ ಮುಗಿದರೆ ಬಿಲ್ಲೆ ಕಿತ್ತು ಪೆಟ್ಟಿಗೆಗೆ ಹಾಕಿ ಹೋಗುತ್ತಿದ್ದರು. ಪುರಂದರ ಅದನ್ನು ಪದಕದ ಹಾಗೆ ಧರಿಸಿ ಓಡಾಡುತ್ತಿದ್ದ.

ಆದರೆ ಮನೆಯಲ್ಲಿ ಅವನು ಸರಿಯಿರಲಿಲ್ಲ.

"ಊಟಕ್ಕೆ ಕೂತ್ರೆ ಒಂದು ಬದಿಗೆ ವಾಲ್ತಾರೆ," ಎಂದು ಕುಸುಮಾ ತಂಗಿಯ ಹತ್ತಿರ ದೂರಿದಳು. "ಏನಾಯ್ತು ಅಂತ ಕೇಳಿದ್ರೆ, ಅಲೆ ಬಂತು ಅಂತಾರೆ. ನಮ್ಮ ಅಡಿಗೆ ಕೋಣೆಗೆ ಅಲೆ ಎಲ್ಲಿಂದ ಬರ್ಬೇಕು ಹೇಳು? ಮನೆಯಲ್ಲಿದ್ದಾರೆ, ಆದ್ರೆ ಇಲ್ಲ. ಡಾಕ್ಟ್ರಿಗೆ ತೋರ್ಸುವಾ ಅಂದ್ರೆ ನನ್ನ ಮೇಲೇ ಹಾರ್ತಾರೆ."

"ಕುರ್ಚಿಯಿಂದ ಎಬ್ಬಿಸಿಬಿಡ್ತಾರೆ ಅಂತ ಹೆದರಿಕೆ ಅಕ್ಕ," ಎಂದಳು ಸುಜಯಾ. ಲಾಗೌಟಿನ ಮೇಲೆ ಅವಳಿಗೆ ತಿಲಮಾತ್ರವೂ ಸಂಶಯ ಬರಲಿಲ್ಲ. ಭಾವನಿಗೆ ವಯಸ್ಸಾಯಿತು ಎಂದೇ ಅಂದುಕೊಂಡಳು.

ಆ ಭಾನುವಾರ ಅವಳು ಅಕ್ಕನ ಮನೆಗೆ ಊಟಕ್ಕೆ ಬಂದಿದ್ದಳು. ಕೋಣೆಯ ಕಬ್ಬಿಣದ ಕಪಾಟನ್ನು ಗೋಡೆಯಿಂದ ಈಚೆಗೆ ಸರಿಸಿ ಕೊಡಿ ಎಂದು ಕುಸುಮಾ ಬೆಳಗ್ಗಿನಿಂದ ಹೇಳುತ್ತಲೇ ಇದ್ದಳು. ಊಟದ ಹೊತ್ತಿಗೆ ಪುರಂದರನಿಗೆ ರೇಗಿತು. ಎದ್ದುಹೋಗಿ ಬಲಭುಜ ಕೊಟ್ಟು ಒಂದೇ ಏಟಿಗೆ ನೂಕಿದ. ಕಪಾಟು ಸರಿಯಿತು. ಪುರಂದರ ಮಾತ್ರ ಮೈಯೆಲ್ಲ ನಡುಗಿ ನೆಲದ ಮೇಲೆ ಕುಳಿತುಬಿಟ್ಟ.

"ಹಗ್ಗ ಬಿಗಿದುಕೊಂಡಿತು," ಎಂದ. "ಭುಜಕ್ಕೆ ಹಗ್ಗ ಬಿಗಿದ ಹಾಗೆ ಆಯ್ತು ಮಾರಾಯ್ತಿ."

ಅಷ್ಟರಲ್ಲಿ ಸುಜಯಾಳ ಫೋನು ಬಡಿದುಕೊಂಡಿತು. ಕಂಟ್ರೋಲ್ ರೂಮಿನ ಮುಖ್ಯಸ್ಥ ಐತಾಳರು. ಅಂಜಲ್ ಟಗ್ಗು ಇದ್ದಕ್ಕಿದ್ದಂತೆ ಬಲಕ್ಕೆ ಜಗ್ಗಿ, ಒಂದು ಸಿಮೆಂಟಿನ ಹಡಗು ಧಕ್ಕೆಗೆ ಉಜ್ಜಿ, ರಬ್ಬರ್ ಪಟ್ಟಿಗಳು ಕಿತ್ತು ಹೋಗಿದ್ದವು. ಯಾರಿಗೂ ಗಾಯವಾಗಿರಲಿಲ್ಲ. ಕುರ್ಚಿಯಲ್ಲಿದ್ದವಳು ಐರಿನ್ ಡಿಸೋಜ, ಪುರಂದರನೇ ಕೈಹಿಡಿದು ಕಲಿಸಿದವಳು. ಅವಳನ್ನು ಆಗಲೇ ಕೆಲಸದಿಂದ ದೂರ ಇಟ್ಟಾಗಿತ್ತು.

"ನಾನು ಜಗ್ಲೇ ಇಲ್ಲ ಮೇಡಂ," ಎಂದು ಐರಿನ್ ಕಂಟ್ರೋಲ್ ರೂಮಿನ ಹೊರಗಿನ ಬೆಂಚಿನಲ್ಲಿ ಕುಳಿತು ಹೇಳಿದಳು. ಕಣ್ಣು ಕೆಂಪಾಗಿತ್ತು. "ನಾನು ಹಿಡ್ಕೊಂಡಿದ್ದೆ ಅಷ್ಟೆ. ಯಾರೋ ನನ್ನ ಕೈ ಮೇಲಿಂದ ಜಗ್ಗಿದ ಹಾಗೆ ಆಯ್ತು."

ಸುಜಯಾ ಅಂಜಲಿನ ದಾಖಲೆ ತೆರೆದಳು. ಪ್ರತಿಯೊಂದು ಚಲನೆಗೂ ಗಂಟೆ, ನಿಮಿಷ, ಸೆಷನ್ ನಂಬರು ಅಲ್ಲಿರುತ್ತದೆ. ಹನ್ನೆರಡು ಗಂಟೆ ಐವತ್ತು ನಿಮಿಷಕ್ಕೆ ಐರಿನಳ ಸೆಷನ್ನಿನಿಂದ ಬಂದದ್ದು: ನಿಲ್ಲು. ಅದೇ ಕ್ಷಣಕ್ಕೆ ಇನ್ನೊಂದು ಸೆಷನ್ನಿನಿಂದ ಬಂದದ್ದು: ಬಲಕ್ಕೆ, ಪೂರ್ಣ ಶಕ್ತಿ. ಆ ಸೆಷನ್ನಿನ ಎದುರು ಇದ್ದ ಹೆಸರು ಪುರಂದರ ಕರ್ಕೇರ. ಸೆಷನ್ ಹುಟ್ಟಿದ ದಿನಾಂಕ ಎಂಟು ತಿಂಗಳ ಹಿಂದಿನದು.

ಎಂಟು ತಿಂಗಳಿನಿಂದ ಭಾವ ಟಗ್ಗಿನೊಳಗೇ ಇದ್ದ. ಕಪಾಟಿಗೆ ಕೊಟ್ಟ ಭುಜ ಹಡಗಿಗೆ ತಾಗಿತ್ತು.

ಅವಳು ಮೂರೂ ಟಗ್ಗುಗಳನ್ನು ಜಾಲಾಡಿದಳು. ಅಂಜಲಿನಲ್ಲಿ ಎಂಟು, ಬಂಗುಡೆಯಲ್ಲಿ ಆರು, ಕಾಣೆಯಲ್ಲಿ ಐದು. ಒಟ್ಟು ಹತ್ತೊಂಬತ್ತು ಪುರಂದರರು, ಎಲ್ಲರೂ ಜೀವಂತ. ಉಳಿದೆರಡು ಟಗ್ಗುಗಳು ಆ ಹೊತ್ತಿಗೆ ಕಟ್ಟಿಹಾಕಿದ್ದರಿಂದ ಅವುಗಳ ಜಗ್ಗಾಟ ಯಾರಿಗೂ ಕಂಡಿರಲಿಲ್ಲ. ಅವಳ ಲಾಗೌಟು ಹತ್ತೊಂಬತ್ತು ಸಲ ಹಸಿರು ದೀಪ ತೋರಿಸಿ, 'ಹೊರಬಂದಿದ್ದೀರಿ, ಧನ್ಯವಾದ' ಎಂದು ಹೇಳಿ, ಆ ಮನುಷ್ಯನನ್ನು ಒಳಗೇ ಬಿಟ್ಟು ಮನೆಗೆ ಕಳಿಸಿತ್ತು.

ಹೇಗೆ ಎಂಬುದು ಯಂತ್ರದಲ್ಲಿ ಸಿಗಲಿಲ್ಲ. ಸಿಕ್ಕಿದ್ದು ಮರುದಿನ ಐರಿನಳ ಬಾಯಿಯಲ್ಲಿ.

"ಹಡಗು ಹಗ್ಗದಲ್ಲಿರುವಾಗ್ಲೇ ಡ್ಯೂಟಿ ಬದಲಾದ್ರೆ ಹೇಗೆ ಮಾಡ್ತೀರಿ?" ಎಂದು ಸುಜಯಾ ಕೇಳಿದಳು.

"ಕೈ ಮೇಲೆ ಕೈ," ಎಂದಳು ಐರಿನ್, ಇದೆಂಥ ಪ್ರಶ್ನೆ ಎನ್ನುವಂತೆ. "ಪುರಂದರಣ್ಣ ಹಿಡಿ ಬಿಡುದಿಲ್ಲ. ನಾನು ಅವರ ಕೈ ಮೇಲೆ ಕೈ ಇಟ್ಟು ಲಾಗಿನ್ ಆಗ್ತೇನೆ. ಆಮೇಲೆ ಅವರು ಅಡಿಯಿಂದ ಕೈ ಜಾರಿಸಿ ಲಾಗೌಟ್ ಒತ್ತುದು."

ನಿಯಮದ ಪುಸ್ತಕದಲ್ಲಿ ಇದ್ದದ್ದು ಬೇರೆ. ಮೊದಲು ಹಳಬ ಲಾಗೌಟ್, ನಾಲ್ಕು ಸೆಕೆಂಡು ಬಿಟ್ಟು ಹೊಸಬ ಲಾಗಿನ್. ಆ ನಾಲ್ಕು ಸೆಕೆಂಡು ಟಗ್ಗು ಯಾರ ಕೈಯಲ್ಲೂ ಇರುವುದಿಲ್ಲ. ಆಫೀಸಿನಲ್ಲಿ ಪರೀಕ್ಷೆ ಮಾಡಿದವರೆಲ್ಲ ಆ ನಿಯಮದಂತೆಯೇ ಮಾಡಿದ್ದರು. ಆದರೆ ಮೀನುಬೋಟಿನಲ್ಲಿ ಬೆಳೆದವರು ಚುಕ್ಕಾಣಿಯನ್ನು ಒಂದು ಉಸಿರಿನ ಹೊತ್ತೂ ಬರಿದಾಗಿ ಬಿಡುವುದಿಲ್ಲ. ಬರುವವನ ಕೈ ಮೇಲೆ ಬಿದ್ದ ಮೇಲೆಯೇ ಹೋಗುವವನ ಕೈ ಕೆಳಗಿನಿಂದ ಜಾರುವುದು. ಸುಜಯಾಳ ಅಪ್ಪನೂ ಹಾಗೇ ಮಾಡುತ್ತಿದ್ದ. ಅವಳು ಏಳು ವರ್ಷದವಳಿದ್ದಾಗ ಬೋಟಿನಲ್ಲಿ ಕುಳಿತು ಅದನ್ನು ನೋಡಿದ್ದಳು. ನೋಡಿದ್ದನ್ನು ಲಾಗೌಟ್ ಬರೆಯುವಾಗ ಪೂರ್ತಿ ಮರೆತಿದ್ದಳು.

ಉಳಿದದ್ದು ಸಲೀಸಾಗಿ ಬಿಡಿಸಿಕೊಂಡಿತು. ಐರಿನ್ ಲಾಗಿನ್ ಆದ ಕೂಡಲೇ ಕುರ್ಚಿ ಪುರಂದರನ ಟೋಕನ್ ತುಂಡನ್ನು ಎಸೆದು ಐರಿನಳ ತುಂಡು ಇಟ್ಟುಕೊಳ್ಳುತ್ತಿತ್ತು. ಆಮೇಲೆ ಪುರಂದರ ಲಾಗೌಟ್ ಒತ್ತಿದರೆ ಕುರ್ಚಿ ಅವನ ತುಂಡು ಹುಡುಕಿ, ಇಲ್ಲದ್ದು ಕಂಡು, ಇವನು ಆಗಲೇ ಹೋಗಿದ್ದಾನೆ ಎಂದುಕೊಂಡು ಧನ್ಯವಾದ ಹೇಳುತ್ತಿತ್ತು. ಆ ಸಾಲನ್ನು ಸುಜಯಾಳೇ ಮರ್ಯಾದೆಗೆಂದು ಬರೆದದ್ದು. ಟಗ್ಗಿನಲ್ಲಿದ್ದ ತುಂಡು ಮಾತ್ರ ಹರಿಯದೆ, ಕಿವಿಯ ಬಿಲ್ಲೆಯಲ್ಲಿದ್ದ ಅದರ ನಕಲಿಗೆ ಹೊಂದಿಕೊಂಡು ಉಳಿಯುತ್ತಿತ್ತು. ಇಪ್ಪತ್ತು ನಿಮಿಷದ ನಿಯಮವೂ ಕೆಲಸಕ್ಕೆ ಬರಲಿಲ್ಲ. ಕಟ್ಟಿಹಾಕಿದ ಟಗ್ಗು ಅಲೆಗೆ ಸದಾ ತೊನೆಯುತ್ತದೆ, ಬಿಲ್ಲೆ ಕಿವಿಯಲ್ಲಿದ್ದವನ ಮೈ ಅದಕ್ಕೆ ಸಣ್ಣಗೆ ಓಗೊಡುತ್ತದೆ, ಇವನು ಎಚ್ಚರವಿದ್ದಾನೆ ಎಂದು ಟಗ್ಗು ತಿಳಿಯುತ್ತದೆ. ಬಿಲ್ಲೆ ಕಿತ್ತು ಹೋಗುವ ಉಳಿದವರ ಸೆಷನ್ನುಗಳು ತಾವಾಗಿ ಸತ್ತವು. ಪುರಂದರನ ಒಂದೂ ಸಾಯಲಿಲ್ಲ.

"ಕಾರಣ ತಿಳಿದಿಲ್ಲ ಅಂತ ಬರೀರಿ ಸುಜಯಾ," ಎಂದರು ಐತಾಳರು ಬಾಗಿಲು ಮುಚ್ಚಿ. ಒಳ್ಳೆಯ ಮನುಷ್ಯ; ಯಾರ ಮೇಲೂ ಕಲ್ಲು ಹಾಕುವವರಲ್ಲ. "ಇಲ್ಲಾ ಆ ಕೈ ಮೇಲೆ ಕೈ ಅನ್ನುದು ನಿಯಮಬಾಹಿರ ಅಂತ ಬರೀರಿ. ಅದು ಸುಳ್ಳಲ್ಲ ಅಲ್ಲಾ?"

"ಸುಳ್ಳಲ್ಲ ಸರ್. ಆದರೆ ಅವರು ಮಾಡಿದ್ದೇ ಸರಿ. ಹಗ್ಗದಲ್ಲಿ ಹಡಗು ಇಟ್ಟುಕೊಂಡು ನಾಲ್ಕು ಸೆಕೆಂಡು ಯಾರೂ ಇಲ್ಲದೆ ಬಿಡಿ ಅಂತ ಬರೆದ ನಮ್ಮದೇ ತಪ್ಪು."

ವರದಿಯಲ್ಲಿ ಅವಳು 'ದೋಷ ಲಾಗೌಟಿನದು, ಬರೆದವಳು ಸುಜಯಾ ಸಾಲ್ಯಾನ್' ಎಂದು ಬರೆದು ಸಹಿ ಹಾಕಿದಳು. ಐರಿನ್ ಮರುದಿನ ಕೆಲಸಕ್ಕೆ ಬಂದಳು. ಸುಜಯಾಳ ಬಡ್ತಿಯ ಕಡತ ಎಲ್ಲಿಗೆ ಹೋಯಿತೋ ದೇವರಿಗೇ ಗೊತ್ತು.

ಹತ್ತೊಂಬತ್ತನ್ನೂ ಒಂದೇ ಏಟಿಗೆ ಹರಿಯುವುದು ಅಪಾಯ, ಒಂದೊಂದಾಗಿ ಹರಿಯಿರಿ ಎಂದು ಬಂದರಿನ ಡಾಕ್ಟರು ಹೇಳಿದ್ದರು. ಪುರಂದರ ಕುರ್ಚಿಯಲ್ಲಿ ಕುಳಿತು ಕಣ್ಣು ಮುಚ್ಚಿದ. ಪಕ್ಕದಲ್ಲಿ ಕುಸುಮಾ ನಿಂತಿದ್ದಳು. ಸುಜಯಾ ಹಳೆಯದರಿಂದ ಶುರುಮಾಡಿದಳು. ಒಂದು ಹರಿದಾಗ ಅವನ ಎಡಗೈ ಸಡಿಲಾಯಿತು. ಇನ್ನೊಂದಕ್ಕೆ ಮೊಣಕಾಲು.

"ಇದು ಕಾಣೆ. ಕಲ್ಲಿದ್ದಲಿನ ಹಡಗು ಬಂದ ದಿನದ್ದು," ಎಂದು ಅವನೇ ಹೇಳಿದ. ಏಳನೆಯದಕ್ಕೆ ಬೆವರಿದ. ಹನ್ನೊಂದನೆಯದಕ್ಕೆ ಸಾಕು ಎಂದ, ಆಮೇಲೆ ಇಲ್ಲ, ಮಾಡು ಎಂದ. ಹತ್ತೊಂಬತ್ತನೆಯದು ಹರಿದಾಗ ಕಣ್ಣು ತೆರೆದು ತನ್ನ ಅಂಗೈಗಳನ್ನು ನೋಡಿಕೊಂಡ.

"ಹೇಗುಂಟು ಭಾವ?"

"ಕಿವಿಯಲ್ಲಿ ಹತ್ತಿ ಇಟ್ಟ ಹಾಗೆ ಉಂಟು," ಎಂದ. ಅವನ ಕಣ್ಣು ತುಂಬಿತ್ತು, ಅದನ್ನು ಅವನು ಮುಚ್ಚಿಡಲೂ ಇಲ್ಲ.

ಕುಸುಮಾಳಿಗೆ ಮಾತ್ರ ಹಬ್ಬ. ಗಂಡ ನೆಟ್ಟಗೆ ಕುಳಿತು ಉಣ್ಣುತ್ತಿದ್ದ, ಕರೆದರೆ ಒಂದೇ ಸಲಕ್ಕೆ ಓಗೊಡುತ್ತಿದ್ದ. "ಎಂಟು ತಿಂಗಳ ಮೇಲೆ ಮನೆಗೆ ಬಂದ್ರು ನೋಡು," ಎಂದು ತಂಗಿಯ ಕಿವಿಯಲ್ಲಿ ಹೇಳಿದಳು.

ಆದರೆ ಧಕ್ಕೆಯಲ್ಲಿ ಮಾತು ಹೊರಟಿತ್ತು. ಹತ್ತೊಂಬತ್ತು ಕಡೆ ಮೈಯಿಟ್ಟುಕೊಂಡು ಯಾರು ಬೇಕಾದರೂ ಹಡಗು ಎಳೆಯುತ್ತಾರೆ. ಪುರಂದರನ ಕೈಗುಣ ಅಂದದ್ದು ಯಂತ್ರದ ತಪ್ಪು. ಮಾತು ಮೇಲಿನವರ ಕಿವಿಗೂ ಮುಟ್ಟಿತು. ಗುರುವಾರ ಒಂದು ಗ್ಯಾಸ್ ಹಡಗು ಬರುವುದಿತ್ತು. ಅದನ್ನು ಪುರಂದರ ಒಂದೇ ಸೆಷನ್ನಿನಲ್ಲಿ ಧಕ್ಕೆಗೆ ತರಬೇಕು, ಎಲ್ಲಾದರೂ ತಾಗಿದರೆ ಅವನನ್ನು ಉಗ್ರಾಣದ ಕೆಲಸಕ್ಕೆ ಹಾಕುವುದು ಎಂದು ತೀರ್ಮಾನವಾಯಿತು.

"ನಂಗೆ ಬೇಜಾರು ಉಗ್ರಾಣದ್ದಲ್ಲ," ಎಂದ ಪುರಂದರ ಬುಧವಾರ ಬೆಳಗ್ಗೆ ಜಗಲಿಯಲ್ಲಿ ಚಹಾ ಕುಡಿಯುತ್ತ. "ಅವರು ಹೇಳುದು ಸರಿಯಿದ್ರೆ? ಇಷ್ಟು ದಿನ ಎಳ್ದದ್ದು ನಾನಾ, ಇಲ್ಲಾ ನಿನ್ನ ಆ ಹರಿಯದ ಟೋಕನ್ನಾ? ಹೇಳು ಸುಜಿ, ನೀನು ಓದಿದವಳು."

ಗೊತ್ತಿಲ್ಲ ಭಾವ ಎಂದಳು. ಅವನು ತಲೆಯಾಡಿಸಿ ಚಹಾ ಮುಗಿಸಿದ.

ಈ ದಿನಗಳಲ್ಲಿ ಸುಜಯಾ ಲಾಗೌಟನ್ನು ಬುಡದಿಂದ ಮತ್ತೆ ಬರೆದಿದ್ದಳು. ಈ ಸಲ ಕೈ ಮೇಲೆ ಕೈ ಎಂಬುದೇ ಅದರ ಮೂಲ ನಿಯಮ. ಎರಡು ಕೈ ಒಟ್ಟಿಗಿರುವಾಗ ಟಗ್ಗಿಗೆ ಇಬ್ಬರೂ ಗೊತ್ತು. ಕೆಳಗಿನ ಕೈ ಜಾರಿದ ಕ್ಷಣ ಮೊದಲು ಟಗ್ಗು ತನ್ನ ತುಂಡು ಹರಿಯಬೇಕು, ಹರಿದೆ ಎಂದು ಟಗ್ಗೇ ಹೇಳಬೇಕು, ಆಮೇಲೆ ಕುರ್ಚಿ, ಆಮೇಲೆ ಬಿಲ್ಲೆ. ಎಲ್ಲ ಮುಗಿಯುವವರೆಗೆ ಧನ್ಯವಾದವಿಲ್ಲ. ಕಟ್ಟಿಹಾಕಿದ ಟಗ್ಗಿನ ಮೇಲೆ ನಲವತ್ತು ಸಲ ಮಾಡಿ ನೋಡಿದ್ದಳು. ನಲವತ್ತೂ ಸರಿ. ಅದನ್ನು ಅಂಜಲಿಗೆ ಹಾಕಿಯೂ ಆಗಿತ್ತು, ಆದರೆ ಹಗ್ಗದಲ್ಲಿ ಹಡಗಿರುವಾಗ ಅದನ್ನು ಬಳಸಲು ಮೇಲಿನವರ ಒಪ್ಪಿಗೆ ಬಂದಿರಲಿಲ್ಲ. ನಿಮ್ಮ ಹೆಸರಿನಲ್ಲಿ ಈಗಷ್ಟೇ ಒಂದು ದೋಷ ಬರೆದಿದೆಯಲ್ಲ ಎಂದಿದ್ದರು. ಆ ದೋಷವನ್ನು ವರದಿಯಲ್ಲಿ ಬರೆದವಳು ತಾನೇ ಎಂದು ಹೇಳಿ ಪ್ರಯೋಜನವಿರಲಿಲ್ಲ.

ಗುರುವಾರ ಹನ್ನೆರಡೂವರೆಗೆ ಗ್ಯಾಸ್ ಹಡಗು ಬಂದರಿನ ಬಾಯಿಗೆ ಬಂತು. ಪುರಂದರ ಅಂಜಲಿಗೆ ಲಾಗಿನ್ ಆದ. ಐತಾಳರು ಕೈ ಹಿಂದೆ ಕಟ್ಟಿಕೊಂಡು ಕಿಟಕಿಯ ಹತ್ತಿರ ನಿಂತಿದ್ದರು. ಸುಜಯಾಳ ಎದುರಿನ ಪರದೆಯಲ್ಲಿ ಒಂದೇ ಹೆಸರು, ಒಂದೇ ಸೆಷನ್. ಗಾಳಿ ತೆಂಕಣದಿಂದ ಏರುತ್ತಿತ್ತು.

ಮೊದಲ ಹತ್ತು ನಿಮಿಷ ಅವನು ತಡಕಾಡಿದ. ಒಮ್ಮೆ ಹಗ್ಗ ಸಡಿಲಾಯಿತು, ಒಮ್ಮೆ ಅತಿಯಾಗಿ ಬಿಗಿಯಿತು. ಸುಜಯಾ ಮೇಜಿನ ಅಂಚು ಹಿಡಿದುಕೊಂಡಳು. ಆಮೇಲೆ ಅವನು ಪಾದಗಳನ್ನು ನೆಲಕ್ಕೆ ಸರಿಯಾಗಿ ಊರಿ, ಸೊಂಟ ಸ್ವಲ್ಪ ಬಗ್ಗಿಸಿ, ಹದಿನಾರು ವರ್ಷ ಬೋಟಿನಲ್ಲಿ ಕುಳಿತ ರೀತಿಯಲ್ಲೇ ಕುಳಿತ. ಅಲ್ಲಿಂದ ಅಂಜಲ್ ಬೇರೆಯೇ ಆಯಿತು. ಬಂದರಿನ ನಡುವಿನ ತಿರುವಿನಲ್ಲಿ ಗಾಳಿ ಹಡಗಿನ ಹಿಂಭಾಗವನ್ನು ಕಲ್ಲಿನ ಒಡ್ಡಿನ ಕಡೆಗೆ ತಳ್ಳಿತು. ಅವನು ಅವಸರಪಡಲಿಲ್ಲ. ಗಾಳಿಯೇ ಕೆಲಸ ಮಾಡಲಿ ಎಂದು ಅದನ್ನು ಅಷ್ಟು ದೂರ ಬಿಟ್ಟು, ಕೊನೆಯ ಗಳಿಗೆಯಲ್ಲಿ ಭುಜ ಕೊಟ್ಟ. ಇನ್ನೂರು ಮೀಟರ್ ಉದ್ದದ ಹಡಗು ಅವನ ಮಾತು ಕೇಳಿ ತಿರುಗಿತು. ಐತಾಳರು ಶಬ್ದವಾಗುವಂತೆ ಉಸಿರು ಬಿಟ್ಟರು. ಸುಜಯಾಳ ಎದೆ ಹೆಮ್ಮೆಯಿಂದ ಉಬ್ಬಿತು. ಎಳೆದದ್ದು ಯಾರು ಎಂಬ ಪ್ರಶ್ನೆಗೆ ಬೇರೆ ಉತ್ತರ ಬೇಕಿರಲಿಲ್ಲ. ಇನ್ನು ಧಕ್ಕೆಗೆ ನಿಧಾನವಾಗಿ ನೂಕುವುದು, ಅರ್ಧ ಗಂಟೆಯ ಕೆಲಸ, ಉಳಿದಿತ್ತು.

ಗಡಿಯಾರ ಎರಡು ತೋರಿಸಿತು. ಮುಂದಿನ ಡ್ಯೂಟಿಯ ಐರಿನ್ ಬಿಲ್ಲೆ ಅಂಟಿಸಿಕೊಂಡು ಬಾಗಿಲಲ್ಲಿ ನಿಂತಿದ್ದಳು.

"ಐರಿನ್, ಬಾ," ಎಂದ ಪುರಂದರ, ತಲೆ ತಿರುಗಿಸದೆ. "ಗಂಟೆ ಆಯ್ತು. ಕೈ ಇಡು."

"ಇದೆಂತದು ಪುರಂದರ?" ಐತಾಳರು ಧಾವಿಸಿ ಬಂದರು. "ಒಪ್ಪಿಗೆ ಇಲ್ಲ. ಗ್ಯಾಸ್ ಹಡಗು ಅದು! ಸುಜಯಾ, ತಡೀರಿ!"

ತಡೆಯುವ ಗುಂಡಿ ಸುಜಯಾಳ ಬೆರಳಿನ ಅಡಿಯಲ್ಲೇ ಇತ್ತು. ಅದನ್ನು ಒತ್ತಿದರೆ ಹೊಸ ಲಾಗಿನ್ ನಡೆಯುವುದಿಲ್ಲ. ಪುರಂದರ ಹಡಗು ಮುಟ್ಟಿಸುತ್ತಾನೆ, ಗೆಲ್ಲುತ್ತಾನೆ, ಯಾರಿಗೂ ಏನೂ ಆಗುವುದಿಲ್ಲ. ಒತ್ತದಿದ್ದರೆ, ಅವಳು ಬರೆದದ್ದು ಮತ್ತೆ ತಪ್ಪಿದ್ದರೆ, ಒಂದು ಟಗ್ಗಿಗೆ ಇಬ್ಬರು, ಹಗ್ಗದಲ್ಲಿ ಗ್ಯಾಸ್ ಹಡಗು.

"ಸುಜಿ," ಎಂದ ಪುರಂದರ. "ನಿನ್ನ ಲಾಗೌಟು ಗಟ್ಟಿ ಉಂಟಲ್ಲ?"

ಅವಳು ಬೆರಳು ತೆಗೆದಳು. "ಉಂಟು ಭಾವ."

ಐರಿನಳ ಕೈ ಅವನ ಕೈಯ ಮೇಲೆ ಬಂತು. ಪರದೆಯಲ್ಲಿ ಎರಡು ಹೆಸರು ಮೂಡಿದವು. ಪುರಂದರ ಅಡಿಯಿಂದ ಮೆಲ್ಲಗೆ ಕೈ ಜಾರಿಸಿದ. ಟಗ್ಗು ಹರಿದೆ ಎಂದಿತು. ಕುರ್ಚಿ ಹರಿದೆ ಎಂದಿತು. ಬಿಲ್ಲೆ ಹರಿದೆ ಎಂದಿತು. ಹಗ್ಗ ಮಿಸುಕಲಿಲ್ಲ. ಕೊನೆಗೆ ಹಸಿರು ದೀಪ ಬಂತು, ಪರದೆಯಲ್ಲಿ ಐರಿನ್ ಡಿಸೋಜ ಎಂಬ ಹೆಸರೊಂದೇ ಉಳಿಯಿತು.

ಪುರಂದರ ಎದ್ದು ನಿಂತ. ಕೋಣೆಯ ಮೂಲೆಯಲ್ಲಿ ಕುಡಿಯುವ ನೀರಿನ ಇಪ್ಪತ್ತು ಲೀಟರಿನ ಕ್ಯಾನು ಬೆಳಗ್ಗಿನಿಂದ ಹಾಗೇ ಕುಳಿತಿತ್ತು. ಎಲ್ಲರೂ ನೋಡುತ್ತಿದ್ದಂತೆ ಅವನು ಅದಕ್ಕೆ ಎರಡೂ ಕೈ ಹಾಕಿ, ಒಂದೇ ಏಟಿಗೆ ಭುಜದ ಮಟ್ಟಕ್ಕೆ ಎತ್ತಿ, ಸ್ಟ್ಯಾಂಡಿನ ಮೇಲೆ ಕೂರಿಸಿದ. ಐತಾಳರು ಕಣ್ಣು ಮುಚ್ಚಿಕೊಂಡರು. ಕಿಟಕಿಯಾಚೆ ಅಂಜಲ್ ಒಂದು ಗೇಣೂ ಆಚೀಚೆ ಆಗದೆ ಐರಿನ್ ಹೇಳಿದಷ್ಟೇ ನೂಕುತ್ತಿತ್ತು.

ಪುರಂದರ ಒಂದು ಲೋಟ ನೀರು ಹಿಡಿದು ಕುಡಿದ. ಐತಾಳರಿಗೆ ಬೈಯಬೇಕೋ ಬೇಡವೋ ತಿಳಿಯಲಿಲ್ಲ.

"ಅರ್ಧ ಗಂಟೆ ಕೂತಿದ್ರೆ ಪೂರ್ತಿ ಹಡಗು ನಿಮ್ಮ ಹೆಸರಿಗೇ ಬರ್ತಿತ್ತಲ್ಲ ಪುರಂದರ? ಎಂತಕ್ಕೆ ಬಿಟ್ರಿ?"

"ಎಳೀಲಿಕ್ಕೆ ನಂಗೆ ಬರ್ತದೆ ಅಂತ ಆ ತಿರುವಿನಲ್ಲೇ ಗೊತ್ತಾಯ್ತು ಸರ್," ಎಂದ ಪುರಂದರ, ಬಾಯಿ ಒರೆಸಿಕೊಳ್ಳುತ್ತ. "ಬಿಟ್ಟು ಬರ್ಲಿಕ್ಕೆ ಬರ್ತದಾ ಅಂತ ನೋಡ್ಬೇಕಿತ್ತು."

ಅವನು ಕಿವಿಯ ಹಿಂದಿನ ಬಿಲ್ಲೆಯನ್ನು ಕಿತ್ತು ಸುಜಯಾಳ ಮೇಜಿನ ಮೇಲಿಟ್ಟು, ಊಟಕ್ಕೆ ಹೊರಟ.